ಬೆಂಕಿಗೆ ಹೋಗುವವನ ಅರ್ಜಿ

ಮೂವತ್ತೊಂದು ವರ್ಷಗಳ ಕಾಲ ಸರ್ಕಾರದ ಖಜಾನೆಯಲ್ಲಿ ಕುಳಿತು ಪರರ ಪ್ರಯಾಣಭತ್ಯದ ಬಿಲ್ಲುಗಳ ಅಂಚಿನಲ್ಲಿ ಕೆಂಪುಶಾಯಿಯ ಷರಾ ಬರೆದುದಲ್ಲದೆ ಬೇರಾವ ಸಾಹಿತ್ಯಸೇವೆಯನ್ನೂ ಮಾಡದಿರುವ ನಾನು ವಿಮರ್ಶೆಗೆ ಕೈಹಾಕುವುದು ಸಾಹಸವೆಂಬುದನ್ನು ಬಲ್ಲೆ. ಆದರೆ ನಾನಿಲ್ಲಿ ಎತ್ತಿಕೊಂಡಿರುವ ಕೃತಿ ಕಾವ್ಯವೂ ಅಲ್ಲ, ನಾಟಕವೂ ಅಲ್ಲ, ಒಂದು ಅರ್ಜಿಯ ನಮೂನೆ ಮತ್ತು ಅದರ ಬೆನ್ನಿಗೇ ಬರುವ ಒಂದು ಭತ್ಯಪತ್ರವಾದುದರಿಂದ, ಈ ಪ್ರಕಾರದಲ್ಲಿ ನನ್ನಷ್ಟು ಓದಿಕೊಂಡವರು ವಿರಳವೆಂದು ಹೇಳಿಕೊಂಡರೆ ಅದು ಆತ್ಮಪ್ರಶಂಸೆಯಾಗಲಾರದು.

ಕೃತಿ ನನ್ನ ಕೈಗೆ ಬಂದ ಬಗೆಯನ್ನು ಮೊದಲು ಹೇಳಬೇಕು. ಪೆನ್ಸಿಲ್ವೇನಿಯಾದ ಪಶ್ಚಿಮ ಭಾಗದ ಒಂದು ಚಿಕ್ಕ ಊರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡಿರುವ ನನ್ನ ಸೋದರಳಿಯನ ಮನೆಗೆ ಕೆಲವು ವರ್ಷಗಳ ಹಿಂದೆ ಹೋಗಿದ್ದೆ. ಹಗಲೆಲ್ಲ ಅಂಕಿಗಳೊಡನೆ ಕಾದಾಡುವ ಈ ಹುಡುಗ ರಾತ್ರಿಯ ಹೊತ್ತು ಊರಿನ ಅಗ್ನಿಶಾಮಕ ದಳದಲ್ಲಿ ಸಂಬಳವಿಲ್ಲದ ಸ್ವಯಂಸೇವಕನೆಂಬ ಸಂಗತಿ ನನಗೆ ತಿಳಿದುದು, ಊಟದ ನಡುವೆ ಅವನ ಸೊಂಟದಲ್ಲಿದ್ದ ಯಂತ್ರವೊಂದು ಕೀಚಲು ದನಿಯಲ್ಲಿ ಕೂಗಿ, ಅವನು ಸಾರನ್ನದ ಕೈಯನ್ನು ತೊಳೆದೂ ತೊಳೆಯದೆ ಓಡಿಹೋದ ಮೇಲೆ. ಆ ದೇಶದಲ್ಲಿ ಬೆಂಕಿಯಾರಿಸುವವರಲ್ಲಿ ಸುಮಾರು ಮೂರರಲ್ಲಿ ಇಬ್ಬರು ಹೀಗೆ ಸ್ವಂತ ಕಸುಬನ್ನು ಬದಿಗಿಟ್ಟು ಓಡಿಬರತಕ್ಕವರೇ ಎಂದು ಆಮೇಲೆ ತಿಳಿಯಿತು. ಮಾರನೆಯ ದಿನ ಅವನು ಒಂದು ಕಾಗದವನ್ನು ನನ್ನ ಮುಂದಿಟ್ಟು, "ಮಾವ, ನೀವು ಇಂಥವನ್ನು ಸಾವಿರ ನೋಡಿದವರು, ಇದರಲ್ಲಿ ಎಲ್ಲಿ ತಪ್ಪಿದೆ ಹೇಳಿ" ಎಂದನು. ತಪ್ಪು ಹುಡುಕುವ ಅಭ್ಯಾಸ ನಿವೃತ್ತಿಯೊಡನೆ ಹೋಗುವಂಥದಲ್ಲ; ಕನ್ನಡಕ ತೆಗೆದುಕೊಂಡು ಕುಳಿತೆ.

ಅರ್ಜಿಯು ಮೇರಿಲ್ಯಾಂಡಿನ ಎಮಿಟ್ಸ್‌ಬರ್ಗ್ ಎಂಬಲ್ಲಿರುವ ರಾಷ್ಟ್ರೀಯ ಅಗ್ನಿಶಾಮಕ ವಿದ್ಯಾಲಯಕ್ಕೆ ಸಂಬಂಧಿಸಿದುದು. ಬೆಂಕಿಯಿಂದ ಆ ದೇಶಕ್ಕಾಗುತ್ತಿದ್ದ ಹಾನಿಯನ್ನು ವಿಚಾರಿಸಿದ ಆಯೋಗವೊಂದು 1973ರಲ್ಲಿ 'ಅಮೆರಿಕ ಬರ್ನಿಂಗ್' ಎಂಬ ಹೆಸರಿನ ವರದಿಯನ್ನಿತ್ತು, ಮರುವರ್ಷವೇ ಅದು ಶಾಸನವಾಗಿ, ಆ ಶಾಸನದ ಫಲವಾಗಿ ಹುಟ್ಟಿದ ಸಂಸ್ಥೆಗೆ ನೆಲೆಯಾಗಿ 1979ರಲ್ಲಿ ಸರ್ಕಾರವು ಕೊಂಡದ್ದು ಸೇಂಟ್ ಜೋಸೆಫ್ ಎಂಬ ಹೆಣ್ಣುಮಕ್ಕಳ ಕಾಲೇಜಿನ 107 ಎಕರೆಗಳ ಆವರಣವನ್ನು. ಎಲಿಜಬೆತ್ ಆನ್ ಸೀಟನ್ ಎಂಬ ಸಾಧ್ವಿ 1809ರಲ್ಲಿ ಆರಂಭಿಸಿದ ವಿದ್ಯಾದಾನದ ಪರಂಪರೆ ಅದರದು. ವಿಪತ್ತು ನಿರ್ವಹಣೆಯನ್ನು ಕಲಿಸುವ ಇನ್ನೊಂದು ಸಂಸ್ಥೆಯೂ ಅದೇ ಆವರಣದಲ್ಲಿದೆ. ಸನ್ಯಾಸಿನಿಯರು ನಡೆದಾಡಿದ ಮರದ ನೆರಳಿನಲ್ಲಿ ಈಗ ದಪ್ಪ ಮೀಸೆಯ ಗಂಡಾಳುಗಳು ಟಿಪ್ಪಣಿಯ ಪುಸ್ತಕ ಹಿಡಿದು ತರಗತಿಗೆ ಹೋಗುತ್ತಾರೆ. ಕರ್ತವ್ಯದಲ್ಲಿ ಮಡಿದ ಅಗ್ನಿಶಾಮಕರ ಸ್ಮಾರಕವೂ 1981ರಿಂದ ಅಲ್ಲಿಯೇ ನಿಂತಿದೆ.

ನಾನು ನೋಡಿದ ನಮೂನೆಯ ಸಂಖ್ಯೆ 119-25-1 ಎಂದಿತ್ತು. ಅದಕ್ಕೂ ಹಿಂದೆ ಇದೇ 75-5 ಎಂಬ ಹೆಸರಿನಿಂದ ಓಡಾಡುತ್ತಿತ್ತು. ಮೊದಲ ಕಾಲಂಗಳಲ್ಲಿ ಹೆಸರು, ವಿಳಾಸ ಮೊದಲಾದ ಎಲ್ಲ ನಮೂನೆಗಳ ನಾಂದೀಪದ್ಯ. ಅದರಲ್ಲಿಯೂ ಒಂದು ಸುಧಾರಣೆ ಗಮನಾರ್ಹವಾಗಿದೆ: ಹಿಂದೆ ಅಭ್ಯರ್ಥಿಯ ಸಾಮಾಜಿಕ ಭದ್ರತಾ ಸಂಖ್ಯೆಯನ್ನೇ ಕೇಳುತ್ತಿದ್ದವರು, ಅದು ಕಳ್ಳರ ಕೈಗೆ ಸಿಕ್ಕರೆ ಮನುಷ್ಯನ ಬಾಳೇ ಹರಾಜಾದೀತೆಂಬ ವಿವೇಕದಿಂದಲೋ ಏನೋ, ವಿದ್ಯಾರ್ಥಿಗೆಂದೇ ಬೇರೊಂದು ಸಂಖ್ಯೆಯನ್ನು ಕೊಟ್ಟು ಅದನ್ನು ಮಾತ್ರ ಬರೆಯಿರೆನ್ನುತ್ತಾರೆ. ಮುಂದೆ ನಿಮ್ಮ ದಳ ಸಂಬಳದ್ದೋ, ಸ್ವಯಂಸೇವಕರದ್ದೋ, ಮಿಶ್ರವೋ, ನೀವು ಕಾಯುವ ಊರಿನ ಜನಸಂಖ್ಯೆ ಎಷ್ಟು ಎಂದು ವಿಚಾರಿಸಿಕೊಂಡು ಹೋಗುವ ನಮೂನೆಯು ಇದ್ದಕ್ಕಿದ್ದಂತೆ ತನ್ನ ಒಣ ದನಿಯನ್ನು ಬಿಟ್ಟು, ಒಂದಿಷ್ಟು ಖಾಲಿ ಜಾಗವನ್ನು ಮುಂದಿಟ್ಟು, ನೀವು ಕೇಳಿರುವ ಪಾಠಕ್ಕೂ ನೀವು ದಿನವೂ ಮಾಡುವ ಕೆಲಸಕ್ಕೂ ಏನು ಸಂಬಂಧವೆಂಬುದನ್ನು ನಿಮ್ಮ ಮಾತಿನಲ್ಲೇ ಬರೆಯಿರೆಂದು ಕೇಳುತ್ತದೆ.

ಈ ಒಂದು ಕಾಲಂಗಾಗಿ ನಾನು ಆ ಕೃತಿಯ ಉಳಿದ ದೋಷಗಳಲ್ಲಿ ಅರ್ಧವನ್ನು ಕ್ಷಮಿಸಲು ಸಿದ್ಧನಿದ್ದೇನೆ. ಏಕೆಂದರೆ ನನ್ನ ಸೇವಾವಧಿಯಲ್ಲಿ ನನ್ನ ಮೇಜನ್ನು ದಾಟಿಹೋದ ತರಬೇತಿಯ ಕಡತಗಳಲ್ಲಿ ಅಭ್ಯರ್ಥಿಯ ಜಾತಿ, ಜನ್ಮದಿನ, ಮೂಲವೇತನ, ನಿವೃತ್ತಿಗೆ ಉಳಿದಿರುವ ವರ್ಷ ಇವೆಲ್ಲ ಇರುತ್ತಿದ್ದುವೇ ಹೊರತು, ಅಯ್ಯಾ, ನಿನಗೆ ಈ ವಿದ್ಯೆ ಏತಕ್ಕೆ ಬೇಕೆಂಬ ಪ್ರಶ್ನೆಯನ್ನು ಯಾವ ನಮೂನೆಯೂ ಕೇಳಿದ್ದಿಲ್ಲ. ಅಳಿಯನು ಅಲ್ಲಿ ಬರೆದಿದ್ದುದು ಮೂರೇ ವಾಕ್ಯ. ಹಿಂದಿನ ಚಳಿಗಾಲದಲ್ಲಿ ಒಂದು ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಮೂರು ಊರಿನ ದಳಗಳು ಬಂದು ಸೇರಿದವೆಂದೂ, ಯಾರು ಯಾರ ಮಾತು ಕೇಳಬೇಕೆಂದು ತಿಳಿಯದೆ ಹತ್ತು ನಿಮಿಷ ಕಳೆದವೆಂದೂ, ಆ ಹತ್ತು ನಿಮಿಷವನ್ನು ಉಳಿಸುವುದು ಹೇಗೆಂದು ಕಲಿಯಬೇಕಾಗಿದೆಯೆಂದೂ ಇತ್ತು. ಅದನ್ನು ತಿದ್ದಲು ನನ್ನಲ್ಲಿ ಕೆಂಪುಶಾಯಿಯಿರಲಿಲ್ಲ.

ಆದರೆ ಅದರ ಬದಿಯಲ್ಲೇ, ದಳದ ಅಧಿಕಾರಶ್ರೇಣಿಯ ನಕ್ಷೆಯೊಂದನ್ನು ಲಗತ್ತಿಸಿ ಅದರಲ್ಲಿ ನಿಮ್ಮ ಸ್ಥಾನವನ್ನು ತೋರಿಸತಕ್ಕದ್ದೆಂಬ ಸೂಚನೆ ಬರುತ್ತದೆ. ನ್ಯೂಯಾರ್ಕಿನಂಥ ಮಹಾನಗರದ ದಳಕ್ಕೆ ಇದು ಒಪ್ಪುತ್ತದೆ. ಇಪ್ಪತ್ತೆರಡು ಜನ, ಎರಡು ಬಂಡಿ, ಒಂದು ಕಾಫಿ ಯಂತ್ರ ಇಷ್ಟೇ ಆಸ್ತಿಯಾದ ಹಳ್ಳಿಯ ದಳದಲ್ಲಿ ಶ್ರೇಣಿಯೆಂಬುದು ಯಾರು ಮೊದಲು ಬಂದು ಬಾಗಿಲು ತೆರೆದರೆಂಬುದರ ಮೇಲೆ ನಿಲ್ಲುವಂಥದು. ಅಳಿಯನು ಒಂದು ಚೌಕ, ಅದರ ಕೆಳಗೆ ಮೂರು ಚೌಕ, ಅದರ ಕೆಳಗೆ ಹದಿನೆಂಟು ಚೌಕಗಳನ್ನು ಬರೆದು ಅವುಗಳಲ್ಲೊಂದಕ್ಕೆ ಬಣ್ಣ ತುಂಬಿದನು. ನಮೂನೆಯನ್ನು ರಚಿಸಿದವನ ಕಣ್ಣಮುಂದೆ ಇದ್ದುದು ಸಂಬಳದ ದಳ, ಅದನ್ನು ತುಂಬುವವರಲ್ಲಿ ಬಹುಪಾಲು ಸ್ವಯಂಸೇವಕರು: ಈ ಅಸಾಂಗತ್ಯವೇ ಕೃತಿಯ ಮೂಲದೋಷವೆಂದು ನನ್ನ ಅಭಿಪ್ರಾಯ, ಮುಂದಿನ ದೋಷಗಳೆಲ್ಲ ಇದರ ಸಂತಾನವೇ.

ಕೊನೆಯಲ್ಲಿ ದಳದ ಮುಖ್ಯಸ್ಥನ ರುಜು. ಮುಖ್ಯಸ್ಥನೋ ವೃತ್ತಿಯಿಂದ ಕೊಳಾಯಿ ರಿಪೇರಿಯವನು. ಅದು ಜಿಂಕೆಯ ಬೇಟೆಯ ಋತು. ಆಸಾಮಿ ನಾಲ್ಕು ದಿನ ಕಾಡಿನಲ್ಲಿದ್ದನು. ಐದನೆಯ ದಿನ ಬಂದು, ತನ್ನ ಟ್ರಕ್ಕಿನ ಹಿಂಬದಿಯ ಹಲಗೆಯ ಮೇಲೆ ಕಾಗದವನ್ನಿಟ್ಟು, ಕೈಗವಸನ್ನು ಹಲ್ಲಿನಿಂದ ಕಳಚಿ ರುಜು ಹಾಕಿಕೊಟ್ಟನು. ಮೊಹರು ಎಲ್ಲಿ ಎಂದು ನಾನು ಕೇಳಿದೆ. ಮೊಹರೆಂದರೇನೆಂದು ಅವನು ಅಳಿಯನನ್ನು ಕೇಳಿದನು.

ಇನ್ನು, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಅಚ್ಚಾಗಿದ್ದ ಒಂದು ಟಿಪ್ಪಣಿಯನ್ನು ಕುರಿತು ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ. ಈ ನಮೂನೆಯನ್ನು ತುಂಬಲು ಸರಾಸರಿ ಇಂತಿಷ್ಟು ನಿಮಿಷಗಳು ಹಿಡಿಯುತ್ತವೆ, ಸೂಚನೆಗಳನ್ನು ಓದುವ ಮತ್ತು ಮಾಹಿತಿಯನ್ನು ಹುಡುಕಿ ತೆಗೆಯುವ ಕಾಲವೂ ಇದರಲ್ಲಿ ಸೇರಿದೆ, ಈ ಅಂದಾಜು ತಪ್ಪೆಂದು ತೋರಿದರೆ ಇಂಥ ವಿಳಾಸಕ್ಕೆ ಬರೆಯಿರಿ ಎಂದು ಅದರ ಸಾರಾಂಶ. ತುಂಬಿದ ಅರ್ಜಿಯನ್ನು ಮಾತ್ರ ಆ ವಿಳಾಸಕ್ಕೆ ಕಳುಹಿಸಬೇಡಿರೆಂಬ ಎಚ್ಚರಿಕೆಯೂ ಉಂಟು. 1980ರಲ್ಲಿ ಅಂಗೀಕೃತವಾಗಿ 1995ರಲ್ಲಿ ಪರಿಷ್ಕೃತವಾದ, ಕಾಗದದ ಹೊರೆಯನ್ನು ತಗ್ಗಿಸುವುದಕ್ಕೆಂದೇ ಹುಟ್ಟಿದ ಕಾನೂನೊಂದು ಆ ದೇಶದಲ್ಲಿದೆ. ಅದರ ಪ್ರಕಾರ ಪ್ರಜೆಯಿಂದ ಮಾಹಿತಿ ಕೇಳುವ ಕೇಂದ್ರ ಸರ್ಕಾರದ ಪ್ರತಿಯೊಂದು ನಮೂನೆಯೂ ತಾನು ತಿನ್ನುವ ಕಾಲವನ್ನು ತಾನೇ ಸಾರಿಕೊಳ್ಳಬೇಕು, ಒಪ್ಪಿಗೆಯ ಸಂಖ್ಯೆಯನ್ನು ಹೊತ್ತಿರಬೇಕು, ಸಂಖ್ಯೆಯಿಲ್ಲದ ನಮೂನೆಗೆ ಉತ್ತರ ಕೊಡದಿದ್ದುದಕ್ಕಾಗಿ ಯಾರನ್ನೂ ದಂಡಿಸುವಂತಿಲ್ಲ. ಇದನ್ನು ಓದಿ ನಾನು ಕಾಗದವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕಿಟಕಿಯ ಆಚೆಗೆ ನೋಡುತ್ತ ಕುಳಿತೆ. ನನ್ನ ಕಚೇರಿಯ ವರಾಂಡದ ಬೆಂಚಿನ ಮೇಲೆ ಕುಳಿತು ಸವೆದವರ ನಿಮಿಷಗಳನ್ನು ಯಾರೂ ಎಣಿಸಿರಲಿಲ್ಲ, ನಾನಂತೂ ಎಣಿಸಿರಲಿಲ್ಲ.

ಮೆಚ್ಚಿಗೆಯೆಷ್ಟೇ ಇದ್ದರೂ ಆ ಲೆಕ್ಕ ಅಪೂರ್ಣವೆಂದು ಹೇಳದೆ ವಿಧಿಯಿಲ್ಲ. ಲೇಖನಿಯ ನಿಮಿಷಗಳನ್ನು ಅದು ಬಲ್ಲುದು. ಕೊಳಾಯಿಯವನ ನಾಲ್ಕು ದಿನದ ಕಾಡುವಾಸ ಅದಕ್ಕೆ ತಿಳಿಯದು. ಮಾಲೀಕನ ಮುಂದೆ ನಿಂತು ರಜೆ ಕೇಳಿದ ಗಳಿಗೆಗಳು ಅದರೊಳಗಿಲ್ಲ. ಹತ್ತು ದಿನದ ಪಾಠಕ್ಕೆ ಬರಲಾರದ ಸ್ವಯಂಸೇವಕರಿಗಾಗಿ ಆರು ದಿನಕ್ಕೆ ಅಡಕಗೊಳಿಸಿದ ಪಾಠಗಳನ್ನು ಏರ್ಪಡಿಸಿರುವ ವಿದ್ಯಾಲಯವು ಈ ಸಂಕಟವನ್ನು ಅರಿತಿದೆ. ಅದರ ಕಾಗದವು ಅರಿತಿಲ್ಲ.

ಪ್ರವೇಶದ ಪತ್ರದಿಂದ ಭತ್ಯದ ಪತ್ರಕ್ಕೆ ಬಂದರೆ ಬೇರೊಬ್ಬ ಲೇಖಕನ ಕೈ ಕಾಣುತ್ತದೆ. ಅದರ ಹೆಸರಾದ 'ಸ್ಟೈಪೆಂಡ್' ಎಂಬುದೇ ಓದುಗನನ್ನು ದಾರಿ ತಪ್ಪಿಸುವಂಥದು. ಲ್ಯಾಟಿನ್ನಿನಲ್ಲಿ ಅದು ಸಿಪಾಯಿಯ ಸಂಬಳ. ನಮ್ಮಲ್ಲಿ ತರಬೇತಿಯ ಹುಡುಗರಿಗೆ ತಿಂಗಳು ತಿಂಗಳು ಕೈಗೆ ಬರುವ ಹಣ. ಇಲ್ಲಿ ಎರಡೂ ಅಲ್ಲ: ಕೈಯಿಂದ ಖರ್ಚು ಮಾಡಿಕೊಂಡು ಹೋಗಿಬಂದವನಿಗೆ ದಾರಿಯ ವೆಚ್ಚವನ್ನು ಮಿತಿಗೊಳಪಟ್ಟು ಹಿಂತಿರುಗಿಸುವ ಏರ್ಪಾಡು. ಉಳಿದುಕೊಳ್ಳುವ ಕೋಣೆಗೆ ಬಾಡಿಗೆಯಿಲ್ಲ, ಅದು ಔದಾರ್ಯವೇ ಸರಿ. ಊಟದ ಚೀಟಿಯ ಹಣ ವಿದ್ಯಾರ್ಥಿಯದು. ಸ್ವಂತ ಕಾರಿನಲ್ಲಿ ಹೋದವನಿಗೆ ಮೈಲಿಯ ಲೆಕ್ಕ, ಅದೂ ವಿಮಾನದರವನ್ನು ಮೀರುವಂತಿಲ್ಲ. ಪಾಠದ ನಡುವೆ ಎದ್ದುಹೋದರೆ ಭತ್ಯವಿಲ್ಲ. ಪ್ರತಿಯೊಂದು ವಾಕ್ಯದ ಹಿಂದೆಯೂ ಮೋಸಗಾರನೊಬ್ಬನು ಅಡಗಿ ಕುಳಿತಿದ್ದಾನೆಂಬ ಶಂಕೆ ಉಸಿರಾಡುತ್ತದೆ. ಈ ಶಂಕೆಯನ್ನು ನಾನು ಹಳಿಯಲಾರೆ, ಅದರಿಂದಲೇ ಅನ್ನ ತಿಂದವನು. ಸಾರ್ವಜನಿಕರ ಹಣಕ್ಕೆ ಕಾವಲು ಬೇಕು. ಆದರೆ ಹೊತ್ತಿ ಉರಿಯುವ ಮನೆಯೊಳಕ್ಕೆ ಕವಡೆಯನ್ನೂ ಕೇಳದೆ ನುಗ್ಗುವವನೊಡನೆ ಮಾತನಾಡುವಾಗ ಕಾವಲುಗಾರನ ದನಿಯನ್ನು ಒಂದಿಷ್ಟು ತಗ್ಗಿಸಬಹುದಾಗಿತ್ತು.

ದನಿಯ ಮಾತು ಹಾಗಿರಲಿ, ಹಣವನ್ನು ಮುಂದಾಗಿ ಹಾಕಲಾರದವನ ಗತಿಯೇನು? ಅಳಿಯನು ಹಾಕಬಲ್ಲವನು, ಅವನ ದಳದಲ್ಲಿಯೇ ಇರುವ, ಕಿರಾಣಿ ಅಂಗಡಿಯಲ್ಲಿ ರಾತ್ರಿ ಪಾಳಿಯ ಕೆಲಸದ ಹುಡುಗಿ ಹಾಕಲಾರಳು, ಅವಳು ಅರ್ಜಿಯನ್ನೇ ಹಾಕಲಿಲ್ಲ. ಹೀಗಾಗಲೇಬೇಕೆಂಬ ನಿರ್ಬಂಧವೇನೂ ಇಲ್ಲವೆಂಬುದಕ್ಕೆ ಅದೇ ಸರ್ಕಾರದ ಅದೇ ಇಲಾಖೆಯೇ ಸಾಕ್ಷಿ. ಅಲಬಾಮದ ಆನಿಸ್ಟನ್ನಿನಲ್ಲಿ, ಹಳೆಯ ಸೈನ್ಯದ ಠಾಣ್ಯದಲ್ಲಿ 1998ರಲ್ಲಿ ತೆರೆದ ಶಿಕ್ಷಣಕೇಂದ್ರದಲ್ಲಿ, ವಿಷಾನಿಲವೇ ಮೊದಲಾದ ಭಯಂಕರ ಸಂದರ್ಭಗಳನ್ನು ಎದುರಿಸಲು ಕಲಿಯಬರುವ ಸ್ಥಳೀಯ ನೌಕರರಿಗೆ ಪ್ರಯಾಣ, ವಸತಿ, ಊಟ ಮೂರನ್ನೂ ಸರ್ಕಾರವೇ ಭರಿಸುತ್ತದೆ. ಒಂದೇ ಮನೆಯಲ್ಲಿ ಇಬ್ಬರು ಸೊಸೆಯರಿಗೆ ಎರಡು ಬಗೆಯ ಎಲೆ ಹಾಕಿದಂತೆ! ನಮ್ಮ ಧೂಳುಹಿಡಿದ ಆರ್ಥಿಕ ಸಂಹಿತೆಯಲ್ಲಿಯೂ, ಪ್ರವಾಸಕ್ಕೆ ಹೊರಟ ನೌಕರನಿಗೆ ಮುಂಗಡ ಕೊಡುವ ಪದ್ಧತಿಯುಂಟು. ಆ ಮುಂಗಡದ ಇತ್ಯರ್ಥಕ್ಕಾಗಿ ನಾನು ಎಷ್ಟೋ ಜನರನ್ನು ಕಾಡಿದ್ದೇನೆ, ಆದರೂ ಹೊರಡುವ ದಿನ ಅವರ ಜೇಬಿನಲ್ಲಿ ಬಸ್ಸಿನ ಚಾರ್ಜಿತ್ತು.

ನಮ್ಮ ದೇಶದ ಮಾತು ಬಂದುದರಿಂದ ಒಂದು ಸಂಗತಿಯನ್ನು ಸ್ಮರಿಸುತ್ತೇನೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2016ರಲ್ಲಿ ನೆರೆಪೀಡಿತ 30 ಜಿಲ್ಲೆಗಳಲ್ಲಿ ಜಿಲ್ಲೆಗೆ 200ರಂತೆ 6,000 ಸ್ವಯಂಸೇವಕರಿಗೆಂದು ಆರಂಭಿಸಿ, ಮುಂದೆ 350 ಜಿಲ್ಲೆಗಳ ಒಂದು ಲಕ್ಷ ಜನಕ್ಕೆ ವಿಸ್ತರಿಸಿದ 'ಆಪದಾ ಮಿತ್ರ' ಯೋಜನೆಯಲ್ಲಿ ತರಬೇತಿ 12 ದಿನದ್ದು, ವಿದ್ಯಾರ್ಹತೆ ಏಳನೆಯ ತರಗತಿ. ಏಳನೆಯ ತರಗತಿಯೆಂಬ ಆ ಒಂದು ಪದಪುಂಜದಲ್ಲಿ, ಅಧಿಕಾರಶ್ರೇಣಿಯ ನಕ್ಷೆ ಕೇಳುವ ಎಮಿಟ್ಸ್‌ಬರ್ಗಿನ ಪತ್ರದಲ್ಲಿ ಕಾಣದ ಲೋಕಜ್ಞಾನವಿದೆ. ಪ್ರವಾಹದ ಸುಳಿಯನ್ನು ಬಲ್ಲವನು ಪದವೀಧರನಾಗಿರಬೇಕಾದುದಿಲ್ಲ. ಆದರೆ ಯೋಜನೆಯ ಬುದ್ಧಿ ಕಿಟಕಿಯ ಗುಮಾಸ್ತನವರೆಗೆ ಇಳಿಯಬೇಕಲ್ಲ! ಹೆಸರು ಹೇಳಲೊಲ್ಲದ ಒಂದು ಕಚೇರಿಯಲ್ಲಿ, ಇಂಥದೇ ಬೇರೊಂದು ಶಿಬಿರಕ್ಕೆ ಸೇರಬಂದಿದ್ದ ದೋಣಿಯ ಹುಡುಗನೊಬ್ಬನನ್ನು, ಈಜು ಬಲ್ಲೆಯೆಂಬುದಕ್ಕೆ ಪ್ರಮಾಣಪತ್ರವೆಲ್ಲಿ ಎಂದು ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹುಡುಗ ಕಿಟಕಿಯಾಚೆಗೆ ಹೊಳೆಯ ಕಡೆ ಕೈತೋರಿಸಿದನು. ಗುಮಾಸ್ತನು ಅದನ್ನು ಕಡತಕ್ಕೆ ಲಗತ್ತಿಸುವ ಬಗೆ ತಿಳಿಯದೆ ಮುಂದಿನವನನ್ನು ಕರೆದನು.

ಅಳಿಯನ ಅರ್ಜಿ ಅಂಗೀಕೃತವಾಯಿತು. ವರ್ಷದ ರಜೆಯನ್ನೆಲ್ಲ ಆ ಪಾಠಕ್ಕೇ ಸುರಿದುದರಿಂದ ಆ ಬೇಸಗೆ ಅವನು ಊರಿಗೆ ಬರಲಿಲ್ಲ. ತಿಪಟೂರಿನಲ್ಲಿ ಅವನ ದಾರಿ ನೋಡುತ್ತಿದ್ದ ಅಕ್ಕನಿಗೆ, ಹಾಗಲ್ಲಕ್ಕ, ಸರ್ಕಾರದವರೇ ಕರೆಸಿಕೊಂಡು ಕಲಿಸುತ್ತಾರೆ, ದೊಡ್ಡ ವಿದ್ಯೆ ಎಂದು ನಾನು ವಿವರಿಸಿದಾಗ ಅವಳು ಸ್ವಲ್ಪ ಸಮಾಧಾನಗೊಂಡು, "ಹಾಗಾದರೆ ದುಡ್ಡು ಚೆನ್ನಾಗಿ ಕೊಡುತ್ತಾರೇನೋ?" ಎಂದಳು.

"ಕಾರಿನ ಖರ್ಚು ಕೊಡುತ್ತಾರಂತೆ, ಅಕ್ಕ," ಎಂದೆ. "ಹೋಗಿಬಂದ ಮೇಲೆ."