ಹೊರಗಾದವಳು: 'ಕ್ಯಾರಿ' ಓದಿದ ಮೇಲೆ ನಮ್ಮೊಳಗೆ ನಡೆದ ಮಾತು



ಈ ಸಲದ ಓದಿಗೆ ಸ್ಟೀಫನ್ ಕಿಂಗ್‌ನ 'ಕ್ಯಾರಿ' ಎಂದು ತೀರ್ಮಾನವಾದಾಗ ನಮ್ಮಲ್ಲೇ ಗೊಣಗಾಟವಿತ್ತು. ಕಾರಂತ, ತೇಜಸ್ವಿ, ವೈದೇಹಿ ಎಂದು ನೆಟ್ಟಗೆ ಸಾಗುತ್ತಿದ್ದ ಕೂಟಕ್ಕೆ ದೆವ್ವದ ಕಾದಂಬರಿಯ ಗೀಳು ಎಲ್ಲಿಂದ ಹತ್ತಿತು ಎಂದು ಹಿರಿಯ ಸದಸ್ಯರೊಬ್ಬರು ಫೋನ್ ಮಾಡಿಯೇ ಕೇಳಿದರು. ನಿಜ ಹೇಳಬೇಕೆಂದರೆ ಆಯ್ಕೆ ನಮ್ಮದಲ್ಲ, ಮಕ್ಕಳದ್ದು. ಹತ್ತನೇ ಮತ್ತು ಹನ್ನೊಂದನೇ ತರಗತಿಯ ಮೂವರು, "ನೀವು ಹೇಳಿದ್ದನ್ನೆಲ್ಲ ನಾವು ಓದಿದ್ದೇವೆ ಅಂಕಲ್, ಒಂದು ಸಲ ನಾವು ಹೇಳಿದ್ದನ್ನು ನೀವು ಓದಿ" ಎಂದು ಹಟ ಹಿಡಿದರು. ನ್ಯಾಯವೆನಿಸಿತು. ಒಪ್ಪಿಕೊಂಡೆವು.

ಅಲ್ ಗುಬ್ರಾದ ಫ್ಲ್ಯಾಟಿನಲ್ಲಿ ಶುಕ್ರವಾರ ಸಂಜೆ ಸೇರಿದ್ದು ಎಂದಿನಂತೆ. ರೂವಿಯಿಂದ ತಂದ ಚುರುಮುರಿ, ಫ್ಲಾಸ್ಕಿನಲ್ಲಿ ಕರಕ್ ಚಹಾ. ಒಂದು ಗಂಟೆಯಲ್ಲಿ ಮುಗಿಯುವ ಚರ್ಚೆ ರಾತ್ರಿ ಹತ್ತೂವರೆಯವರೆಗೆ ಎಳೆಯಿತು. ಬರಲಾಗದವರಿಗಾಗಿ ಅದರ ಸಾರವನ್ನೂ, ಅದರಿಂದ ನಮಗೆ ಹೊಳೆದದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಓದದವರಿಗಾಗಿ ಕಥೆ ಇಷ್ಟು. ಅಮೆರಿಕದ ಮೈನ್ ರಾಜ್ಯದ ಚೇಂಬರ್ಲೇನ್ ಎಂಬ ಕಲ್ಪಿತ ಊರು. ಕ್ಯಾರಿ ವೈಟ್ ಎಂಬ ಹೈಸ್ಕೂಲು ಹುಡುಗಿ. ತಾಯಿ ಮಾರ್ಗರೆಟ್‌ಗೆ ಧರ್ಮದ ಹುಚ್ಚು. ಮೈ ಎಂದರೆ ಪಾಪ, ರಕ್ತ ಎಂದರೆ ಪಾಪ ಎಂದು ನಂಬಿದವಳು. ಶಾಲೆಯ ಸ್ನಾನದ ಕೋಣೆಯಲ್ಲಿ ಕ್ಯಾರಿ ಮೊದಲ ಸಲ ಮುಟ್ಟಾಗುತ್ತಾಳೆ. ಅದೇನೆಂದು ಅವಳಿಗೆ ಯಾರೂ ಹೇಳಿಲ್ಲ, ಸಾಯುತ್ತಿದ್ದೇನೆ ಎಂದುಕೊಂಡು ಚೀರುತ್ತಾಳೆ. ಸುತ್ತ ನಿಂತ ಹುಡುಗಿಯರು ನಗುತ್ತಾ ಪ್ಯಾಡುಗಳನ್ನು ಅವಳ ಮೇಲೆ ಎಸೆಯುತ್ತಾರೆ. ಮುಟ್ಟದೆಯೇ ವಸ್ತುಗಳನ್ನು ಅಲುಗಾಡಿಸುವ ಶಕ್ತಿ ಅವಳಲ್ಲಿ ಇದೆ ಎಂಬುದು ನಿಧಾನವಾಗಿ ತಿಳಿಯುತ್ತದೆ. ಎಸೆದವರಲ್ಲಿ ಒಬ್ಬಳಾದ ಸ್ಯೂ ಸ್ನೆಲ್ ನಾಚಿಕೆಪಟ್ಟು, ತನ್ನ ಗೆಳೆಯ ಟಾಮಿಯೊಂದಿಗೆ ಕ್ಯಾರಿಯನ್ನು ಶಾಲೆಯ ನೃತ್ಯಕೂಟಕ್ಕೆ ಕಳಿಸುತ್ತಾಳೆ. ಇನ್ನೊಬ್ಬಳು, ಕ್ರಿಸ್, ಅದೇ ವೇದಿಕೆಯ ಮೇಲೆ ಅವಳ ತಲೆಗೆ ಹಂದಿಯ ರಕ್ತ ಸುರಿಸುತ್ತಾಳೆ. ಎಲ್ಲರೂ ನಗುತ್ತಾರೆ. ಆಮೇಲೆ ಶಾಲೆ ಉರಿಯುತ್ತದೆ, ಊರು ಉರಿಯುತ್ತದೆ. ನಾನೂರಕ್ಕೂ ಹೆಚ್ಚು ಜನ ಸಾಯುತ್ತಾರೆ, ಕ್ಯಾರಿಯೂ ಸಾಯುತ್ತಾಳೆ.

1974ರಲ್ಲಿ ಡಬಲ್‌ಡೇ ಪ್ರಕಾಶನ ತಂದ ಈ ಪುಸ್ತಕ ಕಿಂಗ್‌ನ ಅಚ್ಚಾದ ಮೊದಲ ಕಾದಂಬರಿ. ಆಗ ಆತ ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು. ಬರೆದ ಮೊದಲ ಹಾಳೆಗಳನ್ನು ಕಸದ ಬುಟ್ಟಿಗೆ ಎಸೆದಿದ್ದ. ಹೆಂಡತಿ ಟ್ಯಾಬಿಥಾ ಎತ್ತಿ ಓದಿ, ಮುಂದುವರಿಸು ಎಂದಳು. ಮುಂಗಡವಾಗಿ ಸಿಕ್ಕಿದ್ದು 2,500 ಡಾಲರ್. ಮುಂದೆ ಅಗ್ಗದ ಆವೃತ್ತಿಯ ಹಕ್ಕು 4 ಲಕ್ಷ ಡಾಲರಿಗೆ ಹೋಯಿತು. 1976ರಲ್ಲಿ ಬ್ರಯಾನ್ ಡಿ ಪಾಮಾ ಸಿನಿಮಾ ಮಾಡಿದ. 2013ರ ಇನ್ನೊಂದು ಸಿನಿಮಾದಲ್ಲಿ ಹುಡುಗಿಯರು ಆ ಸ್ನಾನದ ಕೋಣೆಯ ದೃಶ್ಯವನ್ನು ಫೋನಿನಲ್ಲಿ ಚಿತ್ರಿಸಿ ಹಂಚುತ್ತಾರೆ. ನಮ್ಮ ಮಕ್ಕಳಿಗೆ ಈ ಕಥೆ ಐವತ್ತು ವರ್ಷ ಹಳೆಯದೆಂದು ಅನ್ನಿಸದೇ ಇರುವುದಕ್ಕೆ ಇಷ್ಟೇ ಸಾಕು.

ಇನ್ನು ಅಭಿಪ್ರಾಯಗಳು. ಮೊದಲು ಮಾತಾಡಿದ್ದು ಮಕ್ಕಳೇ. ಊರು ಉರಿಯುವಾಗ ಖುಷಿಯಾಯಿತು ಎಂದು ಒಬ್ಬ ಹುಡುಗ ಮುಚ್ಚುಮರೆಯಿಲ್ಲದೆ ಹೇಳಿದ. ಅವನ ತಂದೆ ಅಲ್ಲೇ ಕೂತಿದ್ದರು, ಮುಖ ನೋಡುವಂತಿತ್ತು. ಆದರೆ ಹುಡುಗ ಸುಳ್ಳು ಹೇಳಲಿಲ್ಲ. ಓದುವಾಗ ನಮಗೂ ಹಾಗೇ ಆಗಿತ್ತು, ಬಾಯಿಬಿಡುವ ಧೈರ್ಯ ಇರಲಿಲ್ಲ ಅಷ್ಟೇ. ನೂರೈವತ್ತು ಪುಟ ಅವಳ ಜೊತೆ ಪೆಟ್ಟು ತಿಂದ ಓದುಗ ಅವಳ ಕೈಗೆ ಬೆಂಕಿ ಬಂದಾಗ ಹಿಗ್ಗುತ್ತಾನೆ. ಆಮೇಲೆ ಸಾಯುತ್ತಿರುವವರಲ್ಲಿ ಏನೂ ಮಾಡದವರೇ ಹೆಚ್ಚು ಎಂದು ತಿಳಿದು ತನ್ನ ಹಿಗ್ಗಿಗೆ ತಾನೇ ಹೆದರುತ್ತಾನೆ. ಕಿಂಗ್ ಹೆದರಿಸುವುದು ಕ್ಯಾರಿಯ ಶಕ್ತಿಯಿಂದಲ್ಲ, ನಮ್ಮ ಈ ಹಿಗ್ಗಿನಿಂದ ಎಂದು ನಮ್ಮ ಅನಿಸಿಕೆ.

ಇಂಥ ಪುಸ್ತಕ ಮಕ್ಕಳ ಕೈಗೆ ಕೊಡುವುದು ಅಪಾಯ ಎಂದರು ಇನ್ನೊಬ್ಬರು. ಇದನ್ನು ಹಗುರಾಗಿ ತಳ್ಳುವಂತಿಲ್ಲ. 1977ರಲ್ಲಿ ಬೇರೆ ಹೆಸರಿನಲ್ಲಿ ಬರೆದ 'ರೇಜ್' ಎಂಬ ಕಾದಂಬರಿಯನ್ನು ಕಿಂಗ್ ತಾನೇ ಅಚ್ಚಿನಿಂದ ಹಿಂತೆಗೆದುಕೊಂಡ. ಶಾಲೆಯಲ್ಲಿ ಬಂದೂಕು ಹಿಡಿಯುವ ಹುಡುಗನ ಕಥೆ ಅದು. 1997ರಲ್ಲಿ ಕೆಂಟಕಿ ರಾಜ್ಯದ ಶಾಲೆಯೊಂದರಲ್ಲಿ ಗುಂಡು ಹಾರಿಸಿದ ವಿದ್ಯಾರ್ಥಿಯ ಬಳಿ ಆ ಪುಸ್ತಕವಿತ್ತು. ಆದರೆ 'ಕ್ಯಾರಿ'ಯನ್ನು ಆತ ಹಿಂತೆಗೆದುಕೊಳ್ಳಲಿಲ್ಲ. ಕಾರಣವನ್ನು ಊಹಿಸಬಹುದು. ಬಂದೂಕು ಅಂಗಡಿಯಲ್ಲಿ ಸಿಗುತ್ತದೆ, ಕ್ಯಾರಿಯ ಶಕ್ತಿ ಎಲ್ಲೂ ಸಿಗದು. ಒಂದನ್ನು ಓದಿದವನು ದಾರಿ ಕಂಡೆ ಎಂದುಕೊಳ್ಳಬಹುದು. ಇನ್ನೊಂದನ್ನು ಓದಿದವನಿಗೆ ಉಳಿಯುವುದು ಸಂಕಟ ಮಾತ್ರ.

ಮೂರನೆಯ ಆಕ್ಷೇಪಣೆ ಸಾಹಿತ್ಯದ್ದು. "ನಮ್ಮಲ್ಲಿ 'ಘಟಶ್ರಾದ್ಧ' ಇರುವಾಗ ಅಮೆರಿಕದ ಹಂದಿಯ ರಕ್ತ ನಮಗೇಕೆ?" ಎಂದರು ಮೊದಲು ಫೋನ್ ಮಾಡಿದ್ದ ಅದೇ ಹಿರಿಯರು. ಮಾತು ಸರಿಯಾಗಿಯೇ ಇದೆ. ಅನಂತಮೂರ್ತಿಯವರ ಕಥೆಯಲ್ಲಿ, 1977ರ ಕಾಸರವಳ್ಳಿಯವರ ಸಿನಿಮಾದಲ್ಲಿ, ಬಸುರಿಯಾದ ವಿಧವೆ ಯಮುನೆಗೆ ಬದುಕಿರುವಾಗಲೇ ಶ್ರಾದ್ಧ ಮಾಡಿ ಹೊರಗೆ ಹಾಕುತ್ತಾರೆ. ಅದನ್ನು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಲ್ಲಿ ನೋಡುತ್ತೇವೆ. ಆ ಹುಡುಗನೂ ಪಾಠಶಾಲೆಯಲ್ಲಿ ದೊಡ್ಡ ಹುಡುಗರ ಕೀಟಲೆಗೆ ನಲುಗಿದವನು. ದೆವ್ವವೇ ಇಲ್ಲದೆ ಅದಕ್ಕಿಂತ ಭೀಕರ ಕಥೆ ಇಲ್ಲ. ಕಲೆಯ ಅಳತೆಯಲ್ಲಿ 'ಘಟಶ್ರಾದ್ಧ'ವೇ ಮೇಲು, ಇದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಯಮುನೆಯ ಕೈಯಲ್ಲಿ ಏನೂ ಇಲ್ಲ, ಓದುಗ ಮರುಗಿ ಮನೆಗೆ ಹೋಗಬಹುದು. ಕಿಂಗ್ ಕೇಳುವ ಪ್ರಶ್ನೆಯೇ ಬೇರೆ: ಹೊರಗೆ ಹಾಕಿಸಿಕೊಂಡವಳ ಕೈಯಲ್ಲಿ ಏನಾದರೂ ಇದ್ದಿದ್ದರೆ, ಆಗಲೂ ನೀವು ಮರುಗುತ್ತಿದ್ದಿರಾ?

ನಾಲ್ಕನೆಯದನ್ನು ಹೇಳಿದ್ದು ನಮ್ಮ ಸದಸ್ಯೆಯೊಬ್ಬರು, ಇಬ್ಬರು ಹೆಣ್ಣುಮಕ್ಕಳ ತಾಯಿ. ಮಾರ್ಗರೆಟ್ ಹುಚ್ಚಿ ಎಂದು ಎಲ್ಲರೂ ನಗುತ್ತಿದ್ದಾಗ ಅವರು ನಗಲಿಲ್ಲ. "ನನಗೂ ನಮ್ಮಮ್ಮ ಏನೂ ಹೇಳಿರಲಿಲ್ಲ. ಕಾಗೆ ಮುಟ್ಟಿದೆ, ಆ ಕಡೆ ಹೋಗಿ ಕೂತ್ಕೋ ಅಂದ್ರು. ಕಾಗೆ ಯಾವಾಗ ಬಂತು ಅಂತ ಮೂರು ದಿನ ಯೋಚಿಸ್ತಾ ಕೂತಿದ್ದೆ" ಎಂದರು. ಕೋಣೆ ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಅವರೇ ನಮ್ಮ ಭಾಷೆಯ ಒಂದು ಮಾತನ್ನು ನೆನಪಿಸಿದರು. ಕನ್ನಡದಲ್ಲಿ ಮುಟ್ಟಾಗುವುದಕ್ಕೆ 'ಹೊರಗಾಗುವುದು' ಎನ್ನುತ್ತೇವೆ. ಜಾತಿಯಿಂದ, ಗುಂಪಿನಿಂದ, ಗೆಳೆತನದಿಂದ ತೆಗೆದವರನ್ನೂ ಹೊರಗಾದವರು ಎಂದೇ ಕರೆಯುತ್ತೇವೆ. ಕ್ಯಾರಿ ಒಂದೇ ದಿನ, ಒಂದೇ ಕೋಣೆಯಲ್ಲಿ ಎರಡೂ ಅರ್ಥದಲ್ಲಿ ಹೊರಗಾದಳು. ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆದದ್ದನ್ನು ನಮ್ಮ ಒಂದು ಕ್ರಿಯಾಪದ ಮೊದಲೇ ಹೇಳಿಬಿಟ್ಟಿದೆ. ಹೆಮ್ಮೆಪಡುವ ಸಂಗತಿಯೇನಲ್ಲ.

ಕಾದಂಬರಿಯ ದೋಷಗಳೂ ಇವೆ. ಕ್ರಿಸ್ ಮತ್ತು ಅವಳ ಗೆಳೆಯ ಬಿಲ್ಲಿ ಬರಿಯ ಕೇಡಿಗರು, ಅವರಿಗೆ ಒಳಮನಸ್ಸು ಎಂಬುದಿಲ್ಲ. ಕೊನೆಯ ಭಾಗ ಸಿನಿಮಾದ ಬೆಂಕಿಯಂತೆ ಉದ್ದವಾಗುತ್ತದೆ. ಕಥೆಯ ನಡುನಡುವೆ ತನಿಖಾ ಆಯೋಗದ ವರದಿ, ಪತ್ರಿಕಾ ತುಣುಕು, ಸ್ಯೂ ಬರೆದ ನೆನಪಿನ ಪುಸ್ತಕ ಎಲ್ಲ ತುಂಬಿ ಓಟ ಮುಗ್ಗರಿಸುತ್ತದೆ ಎಂದು ಹಲವರು ದೂರಿದರು. ಈ ಕೊನೆಯ ದೂರನ್ನು ಮಾತ್ರ ನಾವು ಒಪ್ಪುವುದಿಲ್ಲ. ಅವಳು ಸತ್ತ ಮೇಲೆ ಅವಳ ಬಗ್ಗೆ ಎಷ್ಟೊಂದು ಕಾಗದ! ಬದುಕಿದ್ದಾಗ ಶಾಲೆಯ ಮೇಲಧಿಕಾರಿಗೆ ಅವಳ ಹೆಸರೂ ಸರಿಯಾಗಿ ಬಾಯಿಗೆ ಬರುತ್ತಿರಲಿಲ್ಲ. ಆ ಕಾಗದಗಳೇ ಕಾದಂಬರಿಯ ನಿಜವಾದ ವ್ಯಂಗ್ಯ.

2000ದಲ್ಲಿ ಬಂದ 'ಆನ್ ರೈಟಿಂಗ್' ಪುಸ್ತಕದಲ್ಲಿ ಕಿಂಗ್ ಈ ಕಥೆಯ ಮೂಲವನ್ನು ಹೇಳಿದ್ದಾನೆ. ಅವನೊಂದಿಗೆ ಓದಿದ ಇಬ್ಬರು ಹುಡುಗಿಯರು ಕ್ಯಾರಿಯೊಳಗೆ ಸೇರಿದ್ದಾರೆ. ಅವರಲ್ಲಿ ಒಬ್ಬಳು ದಿನವೂ ಅದೇ ಬಟ್ಟೆ ತೊಟ್ಟು ಬರುತ್ತಿದ್ದಳು. ಒಮ್ಮೆ ರಜೆ ಮುಗಿಸಿ ಹೊಸ ಬಟ್ಟೆಯಲ್ಲಿ ಬಂದಳು. ಗೇಲಿ ನಿಲ್ಲಲಿಲ್ಲ, ಹೆಚ್ಚಾಯಿತು. ಅವಳು ತನ್ನ ಜಾಗ ಬಿಟ್ಟು ಏಳುವುದು ಯಾರಿಗೂ ಬೇಕಿರಲಿಲ್ಲ. ಕಾದಂಬರಿ ಬರೆಯುವ ಹೊತ್ತಿಗೆ ಇಬ್ಬರೂ ತೀರಿಕೊಂಡಿದ್ದರು. ಕ್ಯಾರಿಯನ್ನು ತಾನು ಕೊನೆಗೂ ಇಷ್ಟಪಡಲಾಗಲಿಲ್ಲ ಎಂದೂ ಆತ ಒಪ್ಪಿಕೊಂಡಿದ್ದಾನೆ. ಈ ಪ್ರಾಮಾಣಿಕತೆ ದೊಡ್ಡದು. ಹೊರಗಾದವರನ್ನು ಇಷ್ಟಪಡುವುದು ಸುಲಭವಲ್ಲ, ಅದಕ್ಕೇ ಅವರು ಹೊರಗಾಗಿರುತ್ತಾರೆ.

ನಮ್ಮ ಕೂಟದಲ್ಲಿ ಕರಾವಳಿಯವರೇ ಹೆಚ್ಚು, ಹಾಗಾಗಿ ಮಾತು ದೈವಗಳ ಕಡೆಗೆ ತಿರುಗಿದ್ದು ಸಹಜ. ಅನ್ಯಾಯಕ್ಕೆ ಒಳಗಾದವರು ಕಾಡುವ ಶಕ್ತಿಯಾಗುವ ಕಥೆ ತುಳುನಾಡಿಗೆ ಹೊಸದಲ್ಲ. 1432ರಲ್ಲಿ ನಿಂತ ಕಾರ್ಕಳದ ಗೊಮ್ಮಟನನ್ನು ಕೆತ್ತಿದವನು ಕಲ್ಕುಡ ಎನ್ನುತ್ತವೆ ಪಾಡ್ದನಗಳು. ಅಂಥದ್ದು ಇನ್ನೊಂದು ಆಗಬಾರದೆಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸಿದ. ಅವನೂ ತಂಗಿ ಕಲ್ಲುರ್ಟಿಯೂ ಮಾಯವಾಗಿ ದೈವಗಳಾದರು, ಅರಸನನ್ನು ಕಾಡಿದರು. ಕೊರಗರ ಹುಡುಗ ತನಿಯ ದೇವಸ್ಥಾನದ ಬಳಿ ಮಾಯವಾಗಿ ಕೊರಗಜ್ಜನಾದ. ವ್ಯತ್ಯಾಸವೊಂದಿದೆ. ಕಲ್ಲುರ್ಟಿಗೆ ಕೋಲವಿದೆ. ಕೋಲ ನಡೆದಾಗ ಅವಳು ಎದ್ದು ನಿಂತು ನುಡಿ ಕೊಡುತ್ತಾಳೆ, ಊರಿನ ದೊಡ್ಡವರೂ ತಲೆತಗ್ಗಿಸಿ ಕೇಳಬೇಕು. ಸಿಟ್ಟಿಗೆ ಒಂದು ಅಂಗಳವಿದೆ. ಕ್ಯಾರಿಗೆ ಅಂಗಳವಿಲ್ಲ, ಆಯೋಗದ ವರದಿಯಿದೆ.

ಹೀಗೆಂದು ನಾವು ಬೀಗುತ್ತಿದ್ದಾಗ ಉಡುಪಿ ಕಡೆಯ ಗೆಳೆಯರೊಬ್ಬರು ತಡೆದರು. ಕೊರಗಜ್ಜನಿಗೆ ಚಕ್ಕುಲಿ, ಕಳ್ಳು, ವೀಳ್ಯ ಇಟ್ಟು ಕೈಮುಗಿದ ನಾಡಿನಲ್ಲೇ ಕೊರಗರಿಗೆ ಅಜಲು ನಡೆಯುತ್ತಿತ್ತು. ಉಗುರು, ಕೂದಲು ಬೆರೆಸಿದ ಅನ್ನವನ್ನು ಅವರಿಗೆ ತಿನ್ನಿಸುವುದೂ ಅದರಲ್ಲಿತ್ತು. ಕರ್ನಾಟಕ ಸರ್ಕಾರ ಅದನ್ನು ಕಾನೂನಿನಿಂದ ನಿಷೇಧಿಸಿದ್ದು 2000ದಲ್ಲಿ. ಸತ್ತವನಿಗೆ ಕೈಮುಗಿಯುವುದು ಸುಲಭ, ಬದುಕಿರುವವನ ಪಕ್ಕ ಕೂರುವುದು ಕಷ್ಟ ಎಂದರು ಅವರು. ಉತ್ತರ ಕೊಡಲು ನಮಗೆ ತೋಚಲಿಲ್ಲ.

ಈಗ ಹೇಳಲೇಬೇಕಾದ ಮಾತು. ಚರ್ಚೆ ಮುಗಿಯುವ ಹೊತ್ತಿಗೆ ಹನ್ನೊಂದನೇ ತರಗತಿಯ ಹುಡುಗಿ ಕೇಳಿದಳು: "ನಮ್ಮ ಪದ್ಯವಾಚನಕ್ಕೆ ಬಂದಿದ್ದ ಆ ಹುಡುಗಿ ಈಗ ಯಾಕೆ ಬರೋದಿಲ್ಲ ಆಂಟಿ?"

ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಊರಿನಿಂದ ಹೊಸದಾಗಿ ಬಂದಿದ್ದ ಹದಿಮೂರರ ಹುಡುಗಿ. ಹಕಾರ ಬರಬೇಕಾದಲ್ಲಿ ಅಕಾರ ಬರುತ್ತಿತ್ತು, ಅಕಾರದ ಜಾಗದಲ್ಲಿ ಹಕಾರ. 'ಹಾಲು' ಅವಳ ಬಾಯಲ್ಲಿ 'ಆಲು' ಆಯಿತು, 'ಆನೆ' 'ಹಾನೆ'ಯಾಯಿತು. ಹಿಂದಿನ ಸಾಲಿನ ಮಕ್ಕಳು ಅಣಕಿಸಿದರು. ತಡೆಯಬೇಕಿದ್ದ ನಾವು ನಕ್ಕೆವು. ಕೆಟ್ಟ ಮನಸ್ಸಿನಿಂದಲ್ಲ, ಸುಮ್ಮನೆ ನಗು ಬಂತು. ಸ್ನಾನದ ಕೋಣೆಯ ಹುಡುಗಿಯರಿಗೂ ಹಾಗೇ ಬಂದಿರಬೇಕು. ಅವಳು ಪದ್ಯ ಪೂರ್ತಿ ಹೇಳಿ, ಕೈಮುಗಿದು ಕೆಳಗಿಳಿದಳು. ಆಮೇಲೆ ಆ ಮನೆಯವರು ನಮ್ಮ ಯಾವ ಕಾರ್ಯಕ್ರಮಕ್ಕೂ ಬಂದಿಲ್ಲ. ನಾವೂ ಯಾಕೆಂದು ಕೇಳಲಿಲ್ಲ. ಶಾಲೆಗಳಲ್ಲಿ ಕೀಟಲೆ ತಡೆಯುವ ಸಮಿತಿ ಇರಬೇಕೆಂದು ಸಿಬಿಎಸ್‌ಇ 2015ರಲ್ಲೇ ಹೇಳಿದೆ. ಸಾಹಿತ್ಯ ಕೂಟಗಳಿಗೆ ಯಾರೂ ಹೇಳಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಅವಳನ್ನು ಕರೆದು ಮುಂದಿನ ಕಾರ್ಯಕ್ರಮದಲ್ಲಿ ಮುಖ್ಯ ಸ್ಥಾನ ಕೊಡೋಣ, ಬಹುಮಾನ ಕೊಡೋಣ ಎಂಬ ಸಲಹೆ ಬಂತು. ಅದೇ ಹುಡುಗಿ ಬೇಡವೆಂದಳು. ಸ್ಯೂ ಮಾಡಿದ್ದೂ ಅದನ್ನೇ ಅಲ್ಲವೇ ಎಂದಳು. ತನ್ನ ತಪ್ಪಿನ ಭಾರ ಇಳಿಸಿಕೊಳ್ಳಲು ಕ್ಯಾರಿಯನ್ನು ದೀಪದ ಕೆಳಗೆ ನಿಲ್ಲಿಸಿದಳು, ನಿನಗೇನು ಬೇಕೆಂದು ಒಮ್ಮೆಯೂ ಕೇಳಲಿಲ್ಲ. ಸ್ಯೂ ಒಳ್ಳೆಯವಳೇ. ಆದರೂ ಬಕೆಟ್ ತೂಗಿದ್ದು ಅವಳು ಕಳಿಸಿದ ವೇದಿಕೆಯ ಮೇಲೆಯೇ. ಐವತ್ತು ವರ್ಷಗಳಿಂದ ವಿಮರ್ಶಕರು ಈ ಕಾದಂಬರಿಯ ಬಗ್ಗೆ ಬರೆಯುತ್ತಿದ್ದಾರೆ. ನಮಗೆ ಇದಕ್ಕಿಂತ ಚೆನ್ನಾಗಿ ತಿಳಿಸಿದವರಿಲ್ಲ.

ಆದ್ದರಿಂದ ವೇದಿಕೆ ಇಲ್ಲ, ಬಹುಮಾನ ಇಲ್ಲ. ಈ ಶನಿವಾರ ನಮ್ಮಲ್ಲಿ ಇಬ್ಬರು ಅವರ ಮನೆಗೆ ಹೋಗಿ, ಅವತ್ತು ನಕ್ಕಿದ್ದು ತಪ್ಪಾಯಿತು ಎಂದು ಹೇಳಿ ಬರುತ್ತಾರೆ. ಮತ್ತೆ ಬಾ ಎಂದು ಒತ್ತಾಯ ಮಾಡುವುದಿಲ್ಲ. ಬರುವುದೂ ಬಿಡುವುದೂ ಅವಳಿಗೆ ಬಿಟ್ಟದ್ದು.

'ಕ್ಯಾರಿ' ಶ್ರೇಷ್ಠ ಕಾದಂಬರಿಯೇ ಎಂದು ಕೇಳಿದರೆ ಅಲ್ಲ ಎನ್ನುತ್ತೇವೆ. ಓದಬೇಕೇ ಎಂದರೆ ಓದಿ, ಮನೆಯ ಮಕ್ಕಳ ಜೊತೆ ಓದಿ. ಮುಂದಿನ ತಿಂಗಳು ನಮ್ಮ ಹಿರಿಯರ ಇಚ್ಛೆಯಂತೆ 'ಘಟಶ್ರಾದ್ಧ'. ಮಕ್ಕಳೂ ಓದಲು ಒಪ್ಪಿದ್ದಾರೆ. ಒಪ್ಪಿಗೆ, ತಕರಾರು ಏನಿದ್ದರೂ ಬರೆದು ಕಳಿಸಿ.