ಅರ್ಧಕ್ಕೆ ನಿಂತ ಕೆಲಸದ ಲೆಕ್ಕ

ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆ 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಉದ್ಘಾಟನೆಯಾದ ಮೇಲೆ, 10,000 ಕ್ಯುಸೆಕ್ ಸಾಮರ್ಥ್ಯದ ಈ ಕಾಲುವೆಯ ಗೇಟುಗಳನ್ನು ದೂರದಿಂದಲೇ ಗಮನಿಸಿ ಏರಿಳಿಸುವ ಸ್ಕಾಡಾ ಎಂಬ ಗಣಕ ನಿಯಂತ್ರಣ ಆ ಭಾಗದವರಿಗೆ ಹೊಸ ಮಾತಾಗಿ ಉಳಿದಿಲ್ಲ. ಇಂಥ ಯಾವುದೇ ಏರ್ಪಾಡಿನಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರಿನ ತಂತಿ ಬಂದು ಸೇರುವ ಸೀರಿಯಲ್ ಪೋರ್ಟಿಗೂ ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆಗೂ ನಡುವೆ ಡ್ರೈವರ್ ಎಂಬ ದುಭಾಷಿ ತಂತ್ರಾಂಶ ಬೇಕಾಗುತ್ತದೆ. ಅದನ್ನು ಬರೆದವರ ಕೈಗುಣ ತಿಳಿಯುವುದು ಕೆಲಸ ಅರ್ಧದಲ್ಲಿ ಕೆಟ್ಟಾಗ.

ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಪೋರ್ಟ್ ಪತ್ತೆಯಾದೊಡನೆ ಡ್ರೈವರಿನ ‘ಪ್ರೋಬ್’ ಎಂಬ ಭಾಗ ಚಾಲೂ ಆಗಿ, ಮೊದಲು ಮೆಮೊರಿ ಕೇಳಿ ಪಡೆದು, ಪೋರ್ಟಿನ ರಿಜಿಸ್ಟರುಗಳೆಂಬ ಪುಟ್ಟ ಗೂಡುಗಳಿಗೆ ವಿಳಾಸ ಹೊಂದಿಸಿ, ಅದಕ್ಕೆ ಲಯ ಕೊಡುವ ಕ್ಲಾಕ್ ಓಡಿಸಿ, ಕೊನೆಗೆ ಇಂಟರಪ್ಟನ್ನು, ಅಂದರೆ ಸಾಧನವು ಪ್ರೊಸೆಸರನ್ನು ಕರೆಯುವ ಗಂಟೆಯನ್ನು, ತನ್ನ ಹೆಸರಿಗೆ ನೋಂದಾಯಿಸುತ್ತದೆ. ಈ ಕೊನೆಯ ಹೆಜ್ಜೆ ತಪ್ಪಿತೆಂದರೆ ಕ್ಲಾಕ್ ನಿಲ್ಲಿಸಿ, ವಿಳಾಸ ಬಿಡಿಸಿ, ಮೆಮೊರಿ ಮರಳಿಸಿ, ಹತ್ತಿದ ಮೆಟ್ಟಿಲುಗಳನ್ನೇ ಹಿಮ್ಮುಖವಾಗಿ ಇಳಿಯಬೇಕು. ಒಂದನ್ನು ಮರೆತರೆ ಮೆಮೊರಿಯೋ ವಿದ್ಯುತ್ತೋ ಪೋಲು, ಕ್ರಮ ತಪ್ಪಿದರೆ ಇಡೀ ವ್ಯವಸ್ಥೆಯೇ ಕುಸಿಯಬಹುದು.

ಗಣಕ ವಿಜ್ಞಾನಿ ಡೈಕ್‌ಸ್ಟ್ರಾ 1968ರಲ್ಲಿ ಖಂಡಿಸಿದ, ಪಾಠ ಹೇಳುವವರು ಇಂದಿಗೂ ಮುಟ್ಟಬೇಡಿ ಎನ್ನುವ ‘ಗೋಟು’ ಆಜ್ಞೆಗೆ ಪೂರ್ಣ ಮರ್ಯಾದೆ ಸಿಗುವುದು ಇಲ್ಲಿಯೇ. ಎಡವಿದ ಜಾಗದಿಂದ ಅದು ಬರಹದ ಕೊನೆಯಲ್ಲಿರುವ ತಕ್ಕ ಲೇಬಲ್ಲಿಗೆ ಹಾರುತ್ತದೆ, ಅಲ್ಲಿಂದ ಕೆಳಗೆ ಬಿಡಿಸುವ ಸಾಲುಗಳು ಒಂದರ ಹಿಂದೊಂದು ನಡೆಯುತ್ತವೆ. ಲೇಬಲ್ಲುಗಳಿಗೆ ಅಂಕಿ ಕೊಡದೆ, ಅವು ಮಾಡುವ ಕೆಲಸದ ಹೆಸರನ್ನೇ ಇಡಬೇಕೆಂದು ಲಿನಕ್ಸ್ ಬರಹಪದ್ಧತಿಯ ಕೈಪಿಡಿ ಹೇಳುತ್ತದೆ. ಚೆನ್ನಾಗಿ ಬರೆದ ಇಂಥ ಪುಟದಲ್ಲಿ ಪಡೆದದ್ದನ್ನೂ ಬಿಟ್ಟದ್ದನ್ನೂ ಬೆರಳಿಟ್ಟು ತಾಳೆ ನೋಡಬಹುದು, ಆ ಸುಖ ಬೇರೆ.

2007ರಲ್ಲಿ ಲಿನಕ್ಸ್ ತಂತ್ರಜ್ಞ ತೇಜುನ್ ಹಿಯೊ ರೂಪಿಸಿದ ‘ಡೆವ್‌ಆರ್‌ಇಎಸ್’ ಈ ಶ್ರಮವನ್ನು ತಗ್ಗಿಸಿತು: ಅದರ ಮೂಲಕ ಪಡೆದುದೆಲ್ಲ ಸಾಧನದ ಹೆಸರಿನ ಪಟ್ಟಿಗೆ ಸೇರಿ, ಪ್ರೋಬ್ ವಿಫಲವಾದರೂ ಸಾಧನ ಕಳಚಿದರೂ ಹಿಮ್ಮುಖ ಕ್ರಮದಲ್ಲಿ ತಾನಾಗಿ ಬಿಡುಗಡೆಯಾಗುತ್ತದೆ. ಸೋಮಾರಿತನಕ್ಕೆ ಇದು ಪರವಾನಗಿಯಲ್ಲ. ಇಂಟರಪ್ಟನ್ನು ಪಟ್ಟಿಗೆ ಒಪ್ಪಿಸಿ ಕ್ಲಾಕನ್ನು ಕೈಯಾರೆ ನಿಲ್ಲಿಸುವ ಡ್ರೈವರಿನಲ್ಲಿ, ಕಳಚುವ ವೇಳೆ ಕ್ಲಾಕ್ ಮೊದಲು ನಿಂತು ಗಂಟೆ ಇನ್ನೂ ಜೀವಂತವಾಗಿರುವ ಒಂದು ಸಣ್ಣ ಸಂದು ಉಳಿಯುತ್ತದೆ, ಆ ಸಂದಿನಲ್ಲಿ ಗಂಟೆ ಬಾರಿಸಿತೆಂದರೆ ಓಗೊಟ್ಟು ಓಡಿಬರುವ ಕೋಡು ನಿಂತ ಪೋರ್ಟಿನ ರಿಜಿಸ್ಟರನ್ನು ಓದಲು ಹೋಗಿ, ಎಷ್ಟೋ ಚಿಪ್ಪುಗಳಲ್ಲಿ ಇಡೀ ಯಂತ್ರವನ್ನೇ ಸ್ತಬ್ಧಗೊಳಿಸುತ್ತದೆ.