ಎಂಜಿನ್ ಮೇಲಿನ ಕಲೆ ಎಲ್ಲಿಂದ ಬಂತು?

ಪುಟ್ಟ ವಿಮಾನದ ಪಿಸ್ಟನ್ ಎಂಜಿನ್ ಮೇಲೆ ಕಾರಣ ತಿಳಿಯದ ಕಲೆ ಕಂಡಾಗ ಮೊದಲ ಸುಳಿವು ಅದರ ಬಣ್ಣ. ಈ ಎಂಜಿನ್‌ಗಳಲ್ಲಿ ಹೆಚ್ಚಿನವು ಉರಿಸುವ 100ಎಲ್‌ಎಲ್ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಪೆಟ್ರೋಲು ಆರಿಹೋದರೂ ನೀಲಿ ಉಳಿಯುತ್ತದೆ. ಕಾರ್ಬ್ಯುರೇಟರ್ ಬಟ್ಟಲಿನ ಅಂಚಿನಲ್ಲಾಗಲಿ, ಪ್ರೈಮರ್ ಕೊಳವೆ ಸಿಲಿಂಡರ್ ಸೇರುವಲ್ಲಾಗಲಿ ಅದು ಕಂಡರೆ, ಮೂಲ ಸಿಕ್ಕಿ ರಿಪೇರಿ ಆಗುವವರೆಗೆ ಹಾರಾಟ ಬೇಡ. ಕೆಂಪು ಜಿಡ್ಡು ಬಹುಮಟ್ಟಿಗೆ ಬ್ರೇಕ್ ದ್ರವದ್ದು; ಪೈಪರ್ ಚೆರೋಕಿಯಂಥವುಗಳಲ್ಲಿ ಅದರ ಡಬ್ಬಿ ಎಂಜಿನ್ ಹಿಂದಿನ ಅಡ್ಡಗೋಡೆಯಾದ ಫೈರ್‌ವಾಲ್ ಮೇಲೆಯೇ ಇದೆ.

ಕಂದು, ಕಪ್ಪು ಜಿಡ್ಡು ಆಯಿಲ್‌ನದು. ದಾರಿ ತಪ್ಪಿಸುವುದರಲ್ಲಿ ಇದಕ್ಕೆ ಎಣೆಯಿಲ್ಲ. ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ಭಾರ ಕೆಳಕ್ಕೆ ಎಳೆಯುತ್ತದೆ; ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮುಂದಿನದನ್ನೂ ಮೇಲಿನದನ್ನೂ ಹುಡುಕಬೇಕು. ರಾಕರ್ ಕವರ್ ಗ್ಯಾಸ್ಕೆಟ್, ಪುಶ್‌ರಾಡ್ ಕೊಳವೆಗಳ ಸೀಲ್, ಆಯಿಲ್ ಮರಳುವ ಪೈಪಿನ ಸಡಿಲ ಕ್ಲಿಪ್ ಇವು ಮಾಮೂಲು ಆರೋಪಿಗಳು. ಮುಂದಿನ ಗಾಜಿನ ಮೇಲೆ ತೆಳುವಾಗಿ ಆಯಿಲ್ ಹರಡಿದ್ದರೆ ಕ್ರ್ಯಾಂಕ್‌ಶಾಫ್ಟಿನ ಮುಂಭಾಗದ ಸೀಲ್ ನೋಡಬೇಕು. ವಿಮಾನದ ಹೊಟ್ಟೆ ಜಿಡ್ಡಾಗಿದ್ದರೆ ಎಷ್ಟೋ ಸಲ ಸೋರಿಕೆಯೇ ಇರುವುದಿಲ್ಲ. 8 ಕ್ವಾರ್ಟ್ ಹಿಡಿಯುವ ಲೈಕಮಿಂಗ್ ಓ-320ಕ್ಕೆ ಕಂಠಮಟ್ಟ ತುಂಬಿದರೆ ಹೆಚ್ಚಾದದ್ದನ್ನು ಅದು ಬ್ರೀದರ್ ಕೊಳವೆಯಿಂದ ಹೊರಗೆ ಉಗುಳುತ್ತದೆ. ಆಯಿಲ್ ಮುಚ್ಚಳದ ಒಳಗೆ ಹಳದಿ ಮಿಶ್ರಿತ ಬಿಳಿ ನೊರೆ ಕಂಡರೆ ಅದು ತೇವ: ಆಯಿಲ್ ಸಾಕಷ್ಟು ಕಾಯುವ ಮೊದಲೇ ಮುಗಿಯುವ ಪುಟ್ಟ ಹಾರಾಟಗಳ ಫಲ.

ಕಣ್ಣಿಗೆ ಕುಕ್ಕುವ ಈ ಕಪ್ಪು ಜಿಡ್ಡಿಗಿಂತ, ಯಾರೂ ಗಮನಿಸದ ಒಣ ಬೂದುಬಿಳಿ ಪುಡಿ ಹೆಚ್ಚು ಅಪಾಯದ್ದು. 100ಎಲ್‌ಎಲ್‌ನಲ್ಲಿ ಸೀಸದ ಸಂಯುಕ್ತವಿದೆ. ಉರಿದ ಸೀಸ ಸಿಲಿಂಡರಿನಲ್ಲೇ ಕೂರದೆ ಬ್ರೋಮೈಡ್ ಆಗಿ ಹೊಗೆಯೊಡನೆ ಹೋಗಲೆಂದು ಎಥಿಲೀನ್ ಡೈಬ್ರೋಮೈಡ್ ಬೆರೆಸುತ್ತಾರೆ. ಆ ಪುಡಿ ಇದರದೇ. ಹಾಗಾಗಿ ಎಕ್ಸಾಸ್ಟ್ ಫ್ಲ್ಯಾಂಜಿನ ಸಂದಿನಿಂದ ಬೂದು ಅಥವಾ ತಿಳಿಗಂದು ಗೆರೆಗಳು ಹೊರಟಿದ್ದರೆ ಅಲ್ಲಿ ಬಿಸಿ ಅನಿಲ ನುಸುಳುತ್ತಿದೆ ಎಂದೇ ಅರ್ಥ. ಅನೇಕ ವಿಮಾನಗಳಲ್ಲಿ ಕ್ಯಾಬಿನ್ನಿಗೆ ಬಿಸಿಗಾಳಿ ಬರುವುದು ಮಫ್ಲರ್ ಸುತ್ತಲಿನ ಹೊದಿಕೆಯಿಂದ. ಆ ಮಫ್ಲರ್ ಬಿರುಕು ಬಿಟ್ಟರೆ ಗಾಳಿಯೊಡನೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಕೂಡ ಒಳಗೆ ಬರುತ್ತದೆ. ಸಿಲಿಂಡರ್ ಹೆಡ್ಡು ಬ್ಯಾರೆಲ್‌ಗೆ ಕೂಡುವಲ್ಲಿ, ಸಿಲಿಂಡರನ್ನು ತಣಿಸುವ ಲೋಹದ ರೆಕ್ಕೆಗಳ ನಡುವೆ ಕಪ್ಪು ಗೆರೆ ಇದ್ದರೆ ಹೆಡ್ಡಿನ ಬಿರುಕನ್ನು ಶಂಕಿಸಬೇಕು. ಆಗ 80 ಪಿಎಸ್‌ಐ ಗಾಳಿಯ ಕಂಪ್ರೆಷನ್ ಪರೀಕ್ಷೆ ನಡೆಸುತ್ತ ಆ ಜಾಗಕ್ಕೆ ಸೋಪಿನ ನೀರು ಹಚ್ಚುತ್ತಾರೆ.

ಬಣ್ಣದಿಂದ ಗೊತ್ತಾಗದಿದ್ದರೆ ಫೋಟೋ ತೆಗೆದು, ಮ್ಯಾಗ್ನೆಟೋಗಳಿಗೆ ಹೊದಿಸಿ, ಎಂಜಿನ್ನನ್ನು ಸಾಲ್ವೆಂಟಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ಕೊಳಕಿನ ಮೇಲೆ ಸೋರಿಕೆ ಹುಡುಕುವುದು ವ್ಯರ್ಥ. ಶಂಕೆಯ ಸಂದುಗಳಿಗೆ ಟಾಲ್ಕ್ ಪುಡಿ ಉದುರಿಸಿ, ನೆಲದ ಮೇಲೆಯೇ ಕೆಲವು ನಿಮಿಷ ಓಡಿಸಿ ನೋಡಿದರೆ ಬಿಳಿಯ ಮೇಲೆ ಮೊದಲ ಹನಿ ಎದ್ದುಕಾಣುತ್ತದೆ. ತೀರಾ ನಿಧಾನ ಜಿನುಗಿಗೆ ಆಯಿಲ್‌ನಲ್ಲಿ ಹೊಳೆಯುವ ಬಣ್ಣ ಬೆರೆಸಿ ಅತಿನೇರಳೆ ದೀಪ ಹಿಡಿಯುವುದುಂಟು. ಎಕ್ಸಾಸ್ಟಿಗೆ ಬೇರೆ ಉಪಾಯ: ಎಂಜಿನ್ ತಣ್ಣಗಿರುವಾಗ ಹಿಂಬದಿ ಕೊಳವೆಗೆ ವ್ಯಾಕ್ಯೂಮ್ ಕ್ಲೀನರಿನ ಊದುವ ಬಾಯಿ ಸಿಕ್ಕಿಸಿ, ಜೋಡಣೆಗಳಿಗೆ ಸೋಪಿನ ನೀರು ಸಿಂಪಡಿಸಬೇಕು. ಒಂದರೊಳಗೊಂದು ಜಾರುವ ಜೋಡಣೆಗಳಲ್ಲಿ ನಾಲ್ಕಾರು ಗುಳ್ಳೆ ಏಳುವುದು ಸಹಜ. ಬೆಸುಗೆಯಲ್ಲೋ ಮಫ್ಲರ್ ಮೈಮೇಲೋ ಒಂದೇ ಗುಳ್ಳೆ ಎದ್ದರೂ ಆ ಭಾಗ ಬಿಚ್ಚಬೇಕು.